ಕಲಬುರಗಿಯಲ್ಲಿ ಕೂತು ಸ್ಪ್ಯಾನಿಷ್ ಕಲಿಯುವುದು: ವಯಸ್ಕರಿಗೊಂದು ಸಮಗ್ರ ಮಾರ್ಗದರ್ಶಿ

ಸ್ಪ್ಯಾನಿಷ್ ಕಲಿಸುವ ಪುಸ್ತಕ, ಆ್ಯಪ್ ಮತ್ತು ವಿಡಿಯೊಗಳಲ್ಲಿ ನಮ್ಮ ಕೈಗೆ ಸಿಗುವ ಬಹುಪಾಲು ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವರಿಗಾಗಿ ತಯಾರಾದವು. ಅವು ಎಲ್ಲಿ ನಿಧಾನವಾಗಿ ನಡೆಯುತ್ತವೆಯೋ ಅಲ್ಲಿ ನಮಗೆ ಅವಸರವಾಗುತ್ತದೆ, ಎಲ್ಲಿ ಓಡುತ್ತವೆಯೋ ಅಲ್ಲಿ ನಾವು ಎಡವುತ್ತೇವೆ. ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ನಾನು ನನ್ನ 41ನೆಯ ವಯಸ್ಸಿನಲ್ಲಿ ಈ ಭಾಷೆಗೆ ಕೈ ಹಾಕಿದಾಗ, ಇಂಗ್ಲಿಷ್ ಬಂದರೆ ಸ್ಪ್ಯಾನಿಷ್ ಅರ್ಧ ಬಂದಂತೆ ಎಂದು ನಂಬಿದ್ದೆ. ಹಣ ಕಟ್ಟಿ ಸೇರಿದ ಒಂದು ಆನ್‌ಲೈನ್ ತರಗತಿಯಲ್ಲಿ ಮೂರು ತಿಂಗಳು ಕ್ರಿಯಾಪದಗಳ ಕೋಷ್ಟಕಗಳನ್ನು ಗಿಳಿಪಾಠ ಮಾಡಿದ ಮೇಲೂ ಒಂದು ಲೋಟ ನೀರು ಕೇಳಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಮೊದಲಿನಿಂದ ಶುರು ಮಾಡಿದಾಗ ಕಂಡುಕೊಂಡದ್ದು ಇಷ್ಟು: ಇಂಗ್ಲಿಷ್ ನಮಗೆ ಪದಸಂಪತ್ತಿಗೆ ಮತ್ತು ವಾಕ್ಯದ ಪದಕ್ರಮಕ್ಕೆ ಮಾತ್ರ ಒದಗುತ್ತದೆ. ಉಚ್ಚಾರಣೆಗೂ ವ್ಯಾಕರಣದ ಬಹುಪಾಲು ಕಗ್ಗಂಟುಗಳಿಗೂ ಕನ್ನಡವೇ ಒಳ್ಳೆಯ ದಾರಿ, ಉಳಿದ ಕೊರತೆಯನ್ನು ಕಲಬುರಗಿಯ ಗಲ್ಲಿಗಳಲ್ಲಿ ಕಿವಿಗೆ ಬೀಳುವ ದಖನಿ, ಹಿಂದಿ, ಮರಾಠಿಗಳು ತುಂಬಿಕೊಡುತ್ತವೆ. ಈ ಮಾರ್ಗದರ್ಶಿಯನ್ನು ಆ ಲೆಕ್ಕದಲ್ಲಿಯೇ ಬರೆದಿದ್ದೇನೆ.

ಈ ಬರಹದಲ್ಲಿ ಸ್ಪ್ಯಾನಿಷ್ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದು, ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ ಬರೆದಿದ್ದೇನೆ. ಓದುಗರು ಪಕ್ಕದಲ್ಲೊಂದು ನಿಘಂಟನ್ನು ಇಟ್ಟುಕೊಂಡು ಪ್ರತಿ ಪದದ ರೋಮನ್ ಕಾಗುಣಿತವನ್ನೂ ನೋಡಿಕೊಳ್ಳಬೇಕು. 1713ರಲ್ಲಿ ಸ್ಥಾಪನೆಯಾದ ರಿಯಾಲ್ ಅಕಾಡೆಮಿಯಾ ಎಸ್ಪಾಞೋಲಾ ಎಂಬ ಸಂಸ್ಥೆಯ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಆದರೆ ಅದು ಸ್ಪ್ಯಾನಿಷ್‌ನಿಂದ ಸ್ಪ್ಯಾನಿಷ್‌ಗೆ ಇರುವುದರಿಂದ ಮೊದಲ ವರ್ಷ ವರ್ಡ್‌ರೆಫರೆನ್ಸ್‌ನಂತಹ ಇಂಗ್ಲಿಷ್ ಅರ್ಥಕೋಶವೇ ಸಾಕು.

ಹಂತ 1: ಗುರಿ ಮತ್ತು ಸಮಯವನ್ನು ಮೊದಲು ಗೊತ್ತುಮಾಡಿಕೊಳ್ಳುವುದು

ಸ್ಪ್ಯಾನಿಷ್ ಸುಮಾರು 50 ಕೋಟಿ ಜನರ ತಾಯ್ನುಡಿ. ಸ್ಪೇನ್, ಮೆಕ್ಸಿಕೊದಿಂದ ಅರ್ಜೆಂಟೀನಾದವರೆಗಿನ ಅಮೆರಿಕ ಖಂಡದ ಬಹುತೇಕ ದೇಶಗಳು ಮತ್ತು ಆಫ್ರಿಕಾದ ಈಕ್ವಟೋರಿಯಲ್ ಗಿನಿ ಸೇರಿ 20 ದೇಶಗಳಲ್ಲಿ ಅದು ಆಡಳಿತ ಭಾಷೆ. ಇಷ್ಟು ವಿಸ್ತಾರವಾದ ಭಾಷೆಯಲ್ಲಿ ಧಾಟಿಗಳು ಹಲವು, ಆದ್ದರಿಂದ ಮೊದಲ ದಿನವೇ ಒಂದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮೆಕ್ಸಿಕೊ ಅಥವಾ ಕೊಲಂಬಿಯಾದ ಧಾಟಿಯನ್ನು ಹಿಡಿಯಿರಿ ಎಂಬುದು ನನ್ನ ಸಲಹೆ, ಏಕೆಂದರೆ ಸ್ಪೇನಿನ ಬಹುಭಾಗದಲ್ಲಿ ಝೆಡ್ ಅಕ್ಷರವನ್ನು ಹಲ್ಲುಗಳ ನಡುವೆ ನಾಲಿಗೆ ಇಟ್ಟು ಉಸುರುವ ಕ್ರಮವಿದ್ದು, ಅಮೆರಿಕದ ಕಡೆ ಅದು ನೇರವಾಗಿ ನಮ್ಮ 'ಸ' ಆಗಿಬಿಡುತ್ತದೆ.

ಅಮೆರಿಕ ಸರ್ಕಾರದ ವಿದೇಶಾಂಗ ಸೇವಾ ಸಂಸ್ಥೆಯು ಇಂಗ್ಲಿಷ್ ಮಾತನಾಡುವ ತನ್ನ ಅಧಿಕಾರಿಗಳಿಗೆ ಸ್ಪ್ಯಾನಿಷ್ ಕಲಿಸಲು ಸುಮಾರು 600ರಿಂದ 750 ತರಗತಿ ಗಂಟೆಗಳು ಬೇಕೆಂದು ಅಂದಾಜು ಮಾಡುತ್ತದೆ. ನೌಕರಿ, ಸಂಸಾರ, ಮದುವೆ-ಮುಂಜಿಗಳ ನಡುವೆ ನಾವು ದಿನಕ್ಕೆ 45 ನಿಮಿಷ ಕೊಟ್ಟರೆ ವರ್ಷಕ್ಕೆ ಸುಮಾರು 270 ಗಂಟೆಗಳಾಗುತ್ತವೆ. ಅಂದರೆ ಸರಾಗವಾಗಿ ಮಾತನಾಡುವ ಮಟ್ಟಕ್ಕೆ ಎರಡೂವರೆ ವರ್ಷ ಎಂದು ಇಟ್ಟುಕೊಳ್ಳುವುದೇ ಪ್ರಾಮಾಣಿಕ ಲೆಕ್ಕ. ಮೂರು ತಿಂಗಳಲ್ಲಿ ಸ್ಪ್ಯಾನಿಷ್ ಎನ್ನುವ ಜಾಹೀರಾತುಗಳನ್ನು ನೋಡಿ ಮುಂದಕ್ಕೆ ಹೋಗಿ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನದ ಓದು ತಲೆಗೆ ಹತ್ತುವುದಿಲ್ಲ, ಹಾಗಾಗಿ ಬೆಳಗಿನ ಆರೂವರೆಯ ಹೊತ್ತನ್ನು ನಾನು ಕಾಯಂ ಮಾಡಿಕೊಂಡೆ. ಆ ಹೊತ್ತಿಗೆ ಇನ್ನೊಂದು ಪ್ರಯೋಜನವೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಹಂತ 2: ಮೊದಲ ಆರು ವಾರ, ಇಂಗ್ಲಿಷ್ ಬಾಯನ್ನು ಮುಚ್ಚಿ ಕನ್ನಡ ಬಾಯನ್ನು ತೆರೆಯುವುದು

ಒಮ್ಮೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗುವಾಗ ಎದುರಿನ ಸೀಟಿನಲ್ಲಿ ಇಬ್ಬರು ಸ್ಪೇನ್ ದೇಶದ ಹೆಂಗಸರಿದ್ದರು. ಬಾರ್ಸಿಲೋನಾದಲ್ಲಿ ಹುಟ್ಟಿ 1952ರಲ್ಲಿ ಭಾರತಕ್ಕೆ ಬಂದ ವಿಸೆಂತೆ ಫೆರೆರ್ ಅವರು ಕಟ್ಟಿದ ಗ್ರಾಮೀಣಾಭಿವೃದ್ಧಿ ಸಂಸ್ಥೆ ಅನಂತಪುರದಲ್ಲಿರುವುದರಿಂದ ಆ ಕಡೆಗೆ ಸ್ಪೇನಿನವರ ಓಡಾಟವುಂಟು. ನಾನು ಧೈರ್ಯ ಮಾಡಿ 'ಡೆ ಡೋಂಡೆ' ಎಂದು ಅವರ ಊರನ್ನು ವಿಚಾರಿಸಿದೆ. ಅವರು ಮುಖ ಮುಖ ನೋಡಿಕೊಂಡರು. ಮೂರನೆಯ ಸಲ ಕೇಳಿದಾಗ ಅವರಲ್ಲಿ ಹಿರಿಯಾಕೆ ತನ್ನ ಮೇಲಿನ ಹಲ್ಲಿನ ಹಿಂಬದಿಗೆ ಬೆರಳು ಮುಟ್ಟಿಸಿ ತೋರಿಸಿ 'ದೆ ದೋಂದೆ' ಎಂದರು. ಗಾಡಿ ಕೃಷ್ಣಾ ನದಿಯ ಸೇತುವೆ ದಾಟುವ ತನಕ ನಾನು 'ದ'ಕಾರವನ್ನೇ ಹೇಳುತ್ತ ಕೂತಿದ್ದೆ. ಬಾಲ್ಯದಿಂದ ಬಾಯಲ್ಲಿದ್ದ ಅಕ್ಷರವನ್ನು ಬಿಟ್ಟು ಇಂಗ್ಲಿಷಿನ ಹವ್ಯಾಸದಿಂದ 'ಡ' ಎಂದಿದ್ದೇ ಅಲ್ಲಿ ಆದ ತಪ್ಪು.

ನಮ್ಮ ದೊಡ್ಡ ಅನುಕೂಲ ಇದೇ. ರೋಮನ್ ಲಿಪಿಯ ಟಿ ಮತ್ತು ಡಿ ಅಕ್ಷರಗಳನ್ನು ಕಂಡ ಕೂಡಲೇ 'ಟೇಬಲ್', 'ಡಾಕ್ಟರ್' ಎನ್ನುವಂತೆ ನಾಲಿಗೆಯನ್ನು ಮೇಲಕ್ಕೆ ಮಡಚುವುದು ನಮ್ಮ ರೂಢಿ. ಸ್ಪ್ಯಾನಿಷ್‌ನಲ್ಲಿ ಅವು ಶುದ್ಧ ತ ಮತ್ತು ದ. ಕ, ಪ ಅಕ್ಷರಗಳಿಗೆ ಇಂಗ್ಲಿಷಿನವರು ಸೇರಿಸುವ ಉಸಿರು ಇಲ್ಲಿ ಬೇಡ, ಅದು ನಮಗೆ ಬರುವುದೂ ಇಲ್ಲ. ಸ್ವರಗಳು ಐದೇ ಐದು: ಅ, ಎ, ಇ, ಒ, ಉ. ಇಂಗ್ಲಿಷ್ ಮಾತುಗಾರರು 'ನೋ' ಎನ್ನುವಾಗ ಕೊನೆಗೆ ಒಂದು 'ಉ' ಎಳೆಯುತ್ತಾರೆ, ಅವರ ಪುಸ್ತಕಗಳು ಆ ಚಟ ಬಿಡಿಸಲು ಪುಟಗಟ್ಟಲೆ ಖರ್ಚು ಮಾಡುತ್ತವೆ. ನಾವು ಆ ಪುಟಗಳನ್ನು ಮಗುಚಬಹುದು.

ನಾವು ವರ್ಣಮಾಲೆಯಲ್ಲಿ ಕಲಿತು ಮರೆತ 'ಞ' ಇಲ್ಲಿ ದಿನಬಳಕೆಯ ಅಕ್ಷರ. ಎನ್ ಅಕ್ಷರದ ತಲೆಯ ಮೇಲೆ ಒಂದು ಅಲೆಯಂಥ ಗೆರೆ ಎಳೆದು ಅದನ್ನು ಬರೆಯುತ್ತಾರೆ: ನೀಞೊ ಎಂದರೆ ಹುಡುಗ, ಮಞಾನ ಎಂದರೆ ನಾಳೆ, ಆಞೊ ಎಂದರೆ ವರ್ಷ. ಬರೆಯುವಾಗ ಆ ಗೆರೆಯನ್ನು ಬಿಟ್ಟರೆ ಆಞೊ ಹೋಗಿ ದೇಹದ ಹಿಂಭಾಗದ ಅಂಗವೊಂದರ ಹೆಸರಾಗುತ್ತದೆ, ಆದ್ದರಿಂದ ಮೊಬೈಲ್‌ನಲ್ಲಿ ಸ್ಪ್ಯಾನಿಷ್ ಕೀಬೋರ್ಡನ್ನು ಮೊದಲ ವಾರವೇ ಹಾಕಿಕೊಳ್ಳಿ.

'ರ' ಎರಡು ಬಗೆ. ಪೇರೊ ಎಂದರೆ 'ಆದರೆ', ಪೇರ್ರೊ ಎಂದರೆ ನಾಯಿ. ಕಾರೊ ಎಂದರೆ ತುಟ್ಟಿ, ಕಾರ್ರೊ ಎಂದರೆ ಗಾಡಿ. ಹಳಗನ್ನಡದ ಶಕಟರೇಫವನ್ನು ನಾವು ಕಳೆದುಕೊಂಡಿದ್ದರೂ 'ಕರ್ರಗೆ' ಎಂದು ಒತ್ತಿ ಹೇಳುವಾಗ ನಾಲಿಗೆಯ ತುದಿ ಮಿಡಿಯುತ್ತದಲ್ಲ, ಆ ಮಿಡಿತವೇ ಸಾಕು. ಹೆಚ್ ಅಕ್ಷರಕ್ಕೆ ದನಿಯಿಲ್ಲ. ಜೆ ಅಕ್ಷರಕ್ಕೆ ಮಾತ್ರ ಗಂಟಲಿನ ಉಜ್ಜುಧ್ವನಿ ಬೇಕು: ನಮ್ಮ ಊರಿನಲ್ಲಿ ಉರ್ದು ಬಲ್ಲವರು ಖ್ವಾಜಾ ಬಂದೇನವಾಜ್ ಎನ್ನುವಾಗ ಮೊದಲ ಅಕ್ಷರ ಹೇಗೆ ಗಂಟಲನ್ನು ತೀಡಿಕೊಂಡು ಬರುತ್ತದೆಯೋ ಸ್ಪೇನಿನಲ್ಲಿ ಹೆಚ್ಚುಕಡಿಮೆ ಹಾಗೆ, ಕೊಲಂಬಿಯಾದ ಕಡೆ ಬರೀ 'ಹ'. ಬಿ ಮತ್ತು ವಿ ಅಕ್ಷರಗಳು ಒಂದೇ ಧ್ವನಿ, ಎರಡೂ 'ಬ'. ಅದೇ 'ಬ' ಮತ್ತು 'ದ' ಎರಡು ಸ್ವರಗಳ ನಡುವೆ ಬಂದಾಗ ತುಟಿ, ನಾಲಿಗೆಗಳು ಪೂರ್ತಿ ಮುಚ್ಚದೆ ಸಡಿಲವಾಗುತ್ತವೆ.

ಕನ್ನಡ ಕೈಕೊಡುವುದು ಒತ್ತಿನಲ್ಲಿ. ನಮ್ಮ ಭಾಷೆಯಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲ, ಸ್ಪ್ಯಾನಿಷ್‌ನಲ್ಲಿ ಬದಲಾಗುತ್ತದೆ. ಆಬ್ಲೊ ಎಂದರೆ ಮಾತಾಡುತ್ತೇನೆ, ಅಬ್ಲೋ ಎಂದರೆ ಅವನು ಮಾತಾಡಿದ. ಪಾಪ ಎಂದರೆ ಅಮೆರಿಕದ ಕಡೆ ಆಲೂಗಡ್ಡೆ, ಪಪಾ ಎಂದರೆ ಅಪ್ಪ. ನಿಯಮ ಸುಲಭವಾಗಿದೆ: ಪದವು ಸ್ವರದಿಂದ ಅಥವಾ ಎನ್, ಎಸ್ ಅಕ್ಷರಗಳಿಂದ ಮುಗಿದರೆ ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ ಒತ್ತು, ಬೇರೆ ವ್ಯಂಜನದಿಂದ ಮುಗಿದರೆ ಕೊನೆಯದಕ್ಕೆ, ಇದನ್ನು ಮೀರುವ ಕಡೆ ಸ್ವರದ ಮೇಲೆ ಗೆರೆ ಹಾಕಿರುತ್ತಾರೆ.

ಅಭ್ಯಾಸದ ಕ್ರಮ ಹೀಗಿರಲಿ. ಎರಡು ನಿಮಿಷದ ಒಂದು ಧ್ವನಿಮುದ್ರಣವನ್ನು ಆರಿಸಿಕೊಂಡು, ಒಂದೊಂದು ವಾಕ್ಯಕ್ಕೆ ನಿಲ್ಲಿಸಿ, ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಆಮೇಲೆ ಪಠ್ಯವನ್ನು ತೆರೆದು ರೋಮನ್ ಕಾಗುಣಿತದ ಜೊತೆ ತಾಳೆ ನೋಡಿ, ಕೊನೆಗೆ ಮುದ್ರಣದ ದನಿಯ ಬೆನ್ನಿಗೇ ನಿಮ್ಮ ದನಿಯನ್ನು ಹೊಂದಿಸಿ ಐದು ಸಲ ಹೇಳಿ. ಆರು ವಾರದ ನಂತರ ಕನ್ನಡ ಲಿಪಿಯಲ್ಲಿ ಬರೆಯುವುದನ್ನು ನಿಲ್ಲಿಸಲೇಬೇಕು, ಇಲ್ಲದಿದ್ದರೆ ಅದು ಊರುಗೋಲಾಗಿ ಅಂಟಿಕೊಂಡು ಓದುವ ವೇಗವನ್ನು ಕೊಲ್ಲುತ್ತದೆ.

ಹಂತ 3: ಪದಗಳನ್ನು ಕೂಡಿಹಾಕುವುದು

ಇಲ್ಲಿ ಇಂಗ್ಲಿಷನ್ನು ಧಾರಾಳವಾಗಿ ಬಳಸಬೇಕು. ಇಂಗ್ಲಿಷಿನಲ್ಲಿ 'ಷನ್' ಎಂದು ಮುಗಿಯುವ ಸಾವಿರಾರು ಪದಗಳು ಸ್ಪ್ಯಾನಿಷ್‌ನಲ್ಲಿ 'ಸ್ಯೋನ್' ಎಂದು ಮುಗಿಯುತ್ತವೆ: ನೇಷನ್ ನಸ್ಯೋನ್ ಆಗುತ್ತದೆ. 'ಇಟಿ' ಎಂಬ ಅಂತ್ಯ 'ದಾದ್' ಆಗುವುದರಿಂದ ಯೂನಿವರ್ಸಿಟಿ ಉನಿಬೆರ್ಸಿದಾದ್ ಎನಿಸಿಕೊಳ್ಳುತ್ತದೆ. ಎರಡೂ ಭಾಷೆಗಳು ಲ್ಯಾಟಿನ್ನಿನಿಂದ ಪಡೆದ ಈ ಸಾಲ ನಮಗೆ ಪುಕ್ಕಟೆ ಬಡ್ಡಿ. ಆದರೆ ಮೋಸದ ಜೋಡಿಗಳೂ ಇವೆ: ಏಕ್ಸಿತೊ ಎಂದರೆ ಹೊರಹೋಗುವ ಬಾಗಿಲಲ್ಲ, ಯಶಸ್ಸು. ಲಿಬ್ರೆರೀಯ ಎಂದರೆ ಗ್ರಂಥಾಲಯವಲ್ಲ, ಪುಸ್ತಕದ ಅಂಗಡಿ. ಕರ್ಪೇತ ಎಂದರೆ ನೆಲಹಾಸಲ್ಲ, ಕಾಗದ ಇಡುವ ಫೈಲು. ಎಂಬರಸಾದ ಎಂದರೆ ನಾಚಿಕೊಂಡವಳಲ್ಲ, ಬಸುರಿ. ಕನ್ನಡದ ಕಿವಿಗೂ ಇಂಥ ಮೋಸವುಂಟು, ಕಾಸ ಎಂದರೆ ಮನೆ ಎಂಬುದನ್ನು ನನ್ನ ಮನೆಯವರು ಇನ್ನೂ ಒಪ್ಪಿಲ್ಲ.

ಎರಡನೆಯ ಗಂಟು ನಮ್ಮ ಓಣಿಯಲ್ಲಿಯೇ ಬಿದ್ದಿದೆ. ಪೋರ್ಚುಗೀಸರ ಕಾಲದಲ್ಲಿ ಪಶ್ಚಿಮ ಕರಾವಳಿಯಿಂದ ಒಳನಾಡಿಗೆ ಬಂದ ಪದಗಳು ಸ್ಪ್ಯಾನಿಷ್‌ನ ಅಕ್ಕತಂಗಿಯರು. ತಿಂಗಳ ಕೊನೆಗೆ ನಾವು ಎಣಿಸುವ ಪಗಾರ ಅಲ್ಲಿ ಪಗಾರ್, ಅಂದರೆ ಹಣ ಕೊಡುವುದು. ಚಾವಿ ಯಾಬೆ ಆಗಿದೆ, ಅಲಮಾರಿ ಅರ್ಮಾರ್ಯೊ ಆಗಿದೆ, ಬಾಲ್ದಿ ಬಾಲ್ದೆ ಆಗಿದೆ. ಇನ್ನೊಂದು ಕಡೆಯಿಂದ ಅರಬ್ಬಿ ಪದಗಳು. ಸ್ಪೇನಿನ ನೆಲದಲ್ಲಿ 711ರಿಂದ 1492ರವರೆಗೆ ಮುಸ್ಲಿಂ ಅರಸೊತ್ತಿಗೆಗಳಿದ್ದವು. ನಮ್ಮ ಕಲಬುರಗಿ 1347ರಲ್ಲಿ ಬಹಮನಿಗಳ ರಾಜಧಾನಿಯಾಯಿತು. ಹಾಗಾಗಿ ಅರಬ್ಬಿಯ ಅದೇ ಕಾಜಿ ಇಲ್ಲಿ ನಿಕಾಹ್ ಓದಿಸಿದರೆ ಅಲ್ಲಿ ಅಲ್ಕಾಲ್ದೆ ಎಂಬ ಹೆಸರಿನಲ್ಲಿ ಪಟ್ಟಣದ ಮೇಯರ್ ಆಗಿದ್ದಾನೆ. ಸಂಸ್ಕೃತದ ಶರ್ಕರಾ ನಮ್ಮಲ್ಲಿ ಸಕ್ಕರೆಯಾಗಿ ಉಳಿದು, ಪರ್ಶಿಯನ್ ಮತ್ತು ಅರಬ್ಬಿಯ ಮೂಲಕ ಹೋಗಿ ಅಲ್ಲಿ ಅಸೂಕರ್ ಆಯಿತು. ಕಮೀಸ್ ಮತ್ತು ಕಮೀಸ, ಸಾಬೂನು ಮತ್ತು ಹಬೋನ್ ಕೂಡ ಒಂದೇ ಮೂಲದವು. ಅಂಕಿಗಳಿಗೆ ಸಂಸ್ಕೃತವೇ ಸಾಕು: ತ್ರಿ, ಸಪ್ತ, ಅಷ್ಟ, ನವ, ದಶ ಎಂಬುವು ತ್ರೆಸ್, ಸಿಯೇತೆ, ಓಚೊ, ನುಯೇಬೆ, ದಿಯೇಸ್ ಆಗಿ ಒಂದೇ ಕುಟುಂಬದ ಮುಖಚಹರೆ ತೋರುತ್ತವೆ.

ದಿನಕ್ಕೆ ಹತ್ತು ಪದ ಸಾಕು, ಆದರೆ ಒಂಟಿ ಪದ ಬೇಡ. ಆ್ಯಂಕಿ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ಮುಖಕ್ಕೆ ಕನ್ನಡ ವಾಕ್ಯ, ಇನ್ನೊಂದು ಮುಖಕ್ಕೆ ಸ್ಪ್ಯಾನಿಷ್ ವಾಕ್ಯ ಮತ್ತು ಧ್ವನಿಯನ್ನು ಹಾಕಿಕೊಳ್ಳಿ. ಇಂಗ್ಲಿಷ್ ವಾಕ್ಯ ಹಾಕಿದರೆ ಮನಸ್ಸು ಇಂಗ್ಲಿಷಿನ ಅಚ್ಚಿನಲ್ಲಿಯೇ ಸ್ಪ್ಯಾನಿಷನ್ನು ಎರಕ ಹೊಯ್ಯುತ್ತದೆ, ಅದರ ಕೆಡುಕು ಮುಂದಿನ ಹಂತದಲ್ಲಿ ಕಾಣುತ್ತದೆ.

ಹಂತ 4: ವ್ಯಾಕರಣವನ್ನು ಕನ್ನಡದ ಬಾಗಿಲಿನಿಂದ ಹೊಗುವುದು

ಕ್ರಿಯಾಪದದ ಪ್ರತ್ಯಯದಲ್ಲಿಯೇ ಕರ್ತೃ ಅಡಗಿರುವುದು ಇಂಗ್ಲಿಷಿನವರಿಗೆ ವಿಚಿತ್ರ, ನಮಗೆ ಉಸಿರಾಟ. 'ಮಾತಾಡುತ್ತೇನೆ' ಎಂದರೆ 'ನಾನು' ಬೇಕಿಲ್ಲ. ಹಾಗೆಯೇ ಆಬ್ಲೊ, ಆಬ್ಲಸ್, ಆಬ್ಲ, ಅಬ್ಲಾಮೊಸ್, ಆಬ್ಲನ್ ಎಂಬುವು ಮಾತಾಡುತ್ತೇನೆ, ಮಾತಾಡುತ್ತೀಯೆ, ಮಾತಾಡುತ್ತಾನೆ, ಮಾತಾಡುತ್ತೇವೆ, ಮಾತಾಡುತ್ತಾರೆ ಎಂಬುದರ ಸಾಲು. ನೀನು ಮತ್ತು ನೀವು ಎಂಬ ಭೇದವೂ ಇದೆ, ತು ಮತ್ತು ಉಸ್ತೇದ್ ಎಂದು. ಉಸ್ತೇದ್ ಎಂಬುದು 'ತಮ್ಮ ಕೃಪೆ' ಎಂಬರ್ಥದ ಗೌರವದ ಮಾತು ಸವೆದು ಉಳಿದ ರೂಪವಾದ್ದರಿಂದ ಅದಕ್ಕೆ ಪ್ರಥಮಪುರುಷದ ಕ್ರಿಯಾಪದ ಹತ್ತುತ್ತದೆ. ಎದುರಿಗೇ ಕೂತ ಹಿರಿಯರನ್ನು 'ಸಾಹೇಬರು ಏನು ತಗೋತಾರೆ' ಎಂದು ಕೇಳುವ ನಮ್ಮ ಕಡೆಯ ರೂಢಿಯನ್ನು ನೆನೆದರೆ ಇದು ಸಹಜವಾಗಿ ಕೂಡುತ್ತದೆ.

'ಮೆ ಗೂಸ್ತ ಎಲ್ ಕಫೇ' ಎಂಬುದನ್ನು ಇಂಗ್ಲಿಷ್ ಪುಸ್ತಕಗಳು 'ಕಾಫಿ ನನ್ನನ್ನು ಸಂತೋಷಪಡಿಸುತ್ತದೆ' ಎಂದು ತಿರುಚಿ ಕಲಿಸುತ್ತವೆ. ನಮಗೆ ತಿರುಚುವ ಗೊಡವೆಯಿಲ್ಲ: 'ನನಗೆ ಕಾಫಿ ಹಿಡಿಸುತ್ತದೆ'. ಹಿಡಿಸುವ ವಸ್ತು ಬಹುವಚನವಾದರೆ ನಮ್ಮಲ್ಲಿ 'ಹಿಡಿಸುತ್ತವೆ' ಆಗುವಂತೆ ಅಲ್ಲಿ ಗೂಸ್ತನ್ ಆಗುತ್ತದೆ. 'ಮೆ ದ್ವೇಲೆ ಲಾ ಕಬೇಸ' ಎಂದರೆ ನನಗೆ ತಲೆ ನೋಯುತ್ತದೆ. ಆದರೆ ಇದೇ ಹುಮ್ಮಸ್ಸಿನಲ್ಲಿ ಹಸಿವು, ನೀರಡಿಕೆ, ವಯಸ್ಸುಗಳಿಗೂ 'ನನಗೆ' ಹಚ್ಚಲು ಹೋಗಬೇಡಿ, ಅಲ್ಲಿ 'ತೇಂಗೊ' ಎಂಬ ಕ್ರಿಯಾಪದ ಬೇಕು: ತೇಂಗೊ ಆಂಬ್ರೆ, ಅಂದರೆ ನಾನು ಹಸಿವನ್ನು ಹೊಂದಿದ್ದೇನೆ.

ಕರ್ಮವಿಭಕ್ತಿಯ ವಿಷಯದಲ್ಲಂತೂ ಕನ್ನಡಿಗರಿಗೆ ಬೋನಸ್ಸು ಸಿಗುತ್ತದೆ. ನಾವು 'ಮನೆ ನೋಡಿದೆ' ಎನ್ನುತ್ತೇವೆ, 'ಮಾವ ನೋಡಿದೆ' ಎನ್ನುವುದಿಲ್ಲ, 'ಮಾವನನ್ನು ನೋಡಿದೆ' ಎನ್ನಲೇಬೇಕು. ಸ್ಪ್ಯಾನಿಷ್‌ನಲ್ಲಿ ಗೊತ್ತಾದ ವ್ಯಕ್ತಿ ಕರ್ಮವಾದಾಗ ಅದರ ಮುಂದೆ 'ಆ' ಎಂಬ ಅಕ್ಷರ ಬರುತ್ತದೆ, ನಿರ್ಜೀವ ವಸ್ತುವಿಗೆ ಬರುವುದಿಲ್ಲ: ಬೇಯೊ ಲಾ ಕಾಸ, ಆದರೆ ಬೇಯೊ ಆ ಮರೀಯ. ಇಂಗ್ಲಿಷಿನಲ್ಲಿ ಇದಕ್ಕೆ ಸಮಾನವಾದುದೇನೂ ಇಲ್ಲ.

'ಇರು' ಎಂಬುದಕ್ಕೆ ಸೇರ್ ಮತ್ತು ಎಸ್ತಾರ್ ಎಂಬ ಎರಡು ಕ್ರಿಯಾಪದಗಳಿವೆ. ಎಲ್ಲ ಕಲಿಕೆದಾರರೂ ಸೋಲುವುದು ಇಲ್ಲಿಯೇ. ಶಾಶ್ವತವಾದದ್ದಕ್ಕೆ ಸೇರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್ ಎಂಬ ಪುಸ್ತಕದ ಸೂತ್ರ ಸರಿಯಲ್ಲ, ಏಕೆಂದರೆ ಸತ್ತವನಿಗೂ ಎಸ್ತಾರ್ ಬಳಸುತ್ತಾರೆ. ನಾನು ಕಂಡುಕೊಂಡ ಉಪಾಯ ಬೇರೆ: ವಾಕ್ಯವನ್ನು ಕನ್ನಡದಲ್ಲಿ ನಿಷೇಧ ಮಾಡಿ ನೋಡಿ. 'ಅವರು ಡಾಕ್ಟರ್ ಅಲ್ಲ' ಎಂದು 'ಅಲ್ಲ' ಬಂದರೆ ಸೇರ್: ನೊ ಎಸ್ ಮೇದಿಕೊ. 'ಅವರು ಮನೆಯಲ್ಲಿ ಇಲ್ಲ', 'ಚಹಾ ಬಿಸಿ ಇಲ್ಲ' ಎಂದು 'ಇಲ್ಲ' ಬಂದರೆ ಎಸ್ತಾರ್: ನೊ ಎಸ್ತಾ. ಬರೀ ಅಸ್ತಿತ್ವವನ್ನು ಹೇಳುವ 'ಇಲ್ಲ'ಕ್ಕೆ, ಅಂದರೆ 'ನೀರು ಇಲ್ಲ' ಎನ್ನುವಂಥದ್ದಕ್ಕೆ, ಆಯ್ ಎಂಬ ಮೂರನೆಯ ರೂಪವಿದೆ: ನೊ ಆಯ್ ಆಗ್ವ. ಈ ಒರೆಗಲ್ಲು ಎರಡು ಕಡೆ ಸುಳ್ಳು ಹೇಳುತ್ತದೆ. 'ಅವಳು ಎತ್ತರ ಇಲ್ಲ' ಎಂಬಂಥ ಸಹಜ ಗುಣಗಳಿಗೆ ಸೇರ್ ಬೇಕು. 'ಮದುವೆ ನಮ್ಮ ಮನೆಯಲ್ಲಿ ಇದೆ' ಎಂದು ಸಮಾರಂಭ ನಡೆಯುವ ಜಾಗವನ್ನು ಹೇಳುವಾಗಲೂ ಸೇರ್ ಬೇಕು.

ಕೆಲಸ ಮುಗಿಸಿ ದಣಿದ ಒಂದು ಸಂಜೆ ನನ್ನ ಆನ್‌ಲೈನ್ ಶಿಕ್ಷಕಿ 'ಹೇಗಿದ್ದೀರಿ' ಎಂದು ಕೇಳಿದಾಗ ನಾನು ಕ್ರಿಯಾಪದವನ್ನು ಸರಿಯಾಗಿಯೇ ಹಚ್ಚಿ 'ಎಸ್ತೊಯ್ ಮುಯ್ ಕಸಾದೊ' ಎಂದೆ. ದಣಿದಿದ್ದೇನೆ ಎನ್ನಲು ಕನ್ಸಾದೊ ಎನ್ನಬೇಕಿತ್ತು. ನಾನು ಹೇಳಿದ್ದು 'ನನಗೆ ಬಹಳ ಮದುವೆಯಾಗಿದೆ' ಎಂದಾಗಿತ್ತು, ಆಕೆಗೆ ನಗು ತಡೆಯಲಾಗಲಿಲ್ಲ. ಒಂದು 'ನ್' ಅಕ್ಷರದ ಬೆಲೆ ಅಂದು ತಿಳಿಯಿತು.

ಭೂತಕಾಲದ ಎರಡು ರೂಪಗಳೂ ನಮಗೆ ಹೊಸವಲ್ಲ. 'ನಿನ್ನೆ ಬೀದರಿಗೆ ಹೋದೆ' ಎಂಬಲ್ಲಿ ಫುಯಿ, 'ಸಣ್ಣವನಿದ್ದಾಗ ಪ್ರತಿ ವರ್ಷ ಬೀದರಿಗೆ ಹೋಗುತ್ತಿದ್ದೆ' ಎಂಬಲ್ಲಿ ಈಬ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಸಾಗುವುದರಿಂದ ಅವರು ಒದ್ದಾಡುತ್ತಾರೆ. ಇನ್ನು ಎಲ್ಲರೂ ಹೆದರಿಸುವ ಸಬ್ಜಂಕ್ಟಿವ್ ಎಂಬುದರ ಬಹುಭಾಗ ನಮ್ಮ 'ಲಿ' ಪ್ರತ್ಯಯವೇ. 'ನೀನು ಬರಲಿ ಅಂತ ಬಯಸುತ್ತೇನೆ' ಎನ್ನಲು ಕಿಯೇರೊ ಕೆ ಬೇಂಗಸ್. ಜೂನ್ ಕಳೆದರೂ ಮೋಡ ಕಟ್ಟದ ವರ್ಷ ತೊಗರಿ ಬಿತ್ತುವ ರೈತ ಆಕಾಶ ನೋಡಿ 'ಮಳಿ ಬರಲಿ' ಎನ್ನುವುದನ್ನು ಸ್ಪ್ಯಾನಿಷ್‌ನಲ್ಲಿ 'ಒಹಲಾ ಯುಯೇಬ' ಎನ್ನುತ್ತಾರೆ. ಆ ಒಹಲಾ ಕೂಡ ದೇವರು ಮನಸ್ಸು ಮಾಡಿದರೆ ಎಂಬರ್ಥದ ಅರಬ್ಬಿ ಮಾತಿನಿಂದ ಬಂದದ್ದು.

ಲಿಂಗದ ವಿಷಯಕ್ಕೆ ಬಂದಾಗ ಕನ್ನಡವನ್ನು ಬದಿಗಿಡಬೇಕು. ಮೇಜು ಹೆಣ್ಣು, ಪುಸ್ತಕ ಗಂಡು ಎಂಬ ಲೆಕ್ಕ ನಮ್ಮಲ್ಲಿಲ್ಲ. ದಖನಿ ಅಥವಾ ಹಿಂದಿ ಬಲ್ಲವರಿಗೆ ಅಭ್ಯಾಸ ಇದೆ, ಅಚ್ಛಾ-ಅಚ್ಛೀ ಎನ್ನುವಂತೆ ಬ್ಲಾಂಕೊ-ಬ್ಲಾಂಕ ಎಂದು ವಿಶೇಷಣವನ್ನು ಬದಲಿಸುವುದು ಅವರಿಗೆ ಕಷ್ಟವಲ್ಲ. ಆದರೆ ಉತ್ತರಗಳು ಹೊಂದುವುದಿಲ್ಲ: ಕಿತಾಬ್ ಹೆಣ್ಣು, ಲೀಬ್ರೊ ಗಂಡು. ಹಾಗಾಗಿ ಪ್ರತಿ ನಾಮಪದವನ್ನೂ ಎಲ್ ಅಥವಾ ಲಾ ಎಂಬ ಪೂರ್ವಪದದ ಸಹಿತವೇ ಕಲಿಯಬೇಕು. 'ಒ' ಕಾರಾಂತ ಗಂಡು, 'ಅ' ಕಾರಾಂತ ಹೆಣ್ಣು ಎಂಬ ನಿಯಮ ಬಹುಪಾಲು ನಡೆಯುತ್ತದೆ, ಮಾನೊ, ದೀಯ, ಮಾಪ, ಪ್ರೊಬ್ಲೇಮ ಮುಂತಾದವು ಅದಕ್ಕೆ ತಿರುಗಿಬಿದ್ದಿವೆ. ಪದಕ್ರಮಕ್ಕೂ ಪೂರ್ವಾವ್ಯಯಗಳಿಗೂ ಬಹುಮಟ್ಟಿಗೆ ಇಂಗ್ಲಿಷನ್ನೇ ಅನುಸರಿಸಿ.

ಹಂತ 5: ನಮ್ಮೂರನ್ನು ಸ್ಪ್ಯಾನಿಷ್‌ನಲ್ಲಿ ಹೇಳುವುದು

ನಾಲ್ಕನೆಯ ತಿಂಗಳಿಂದ ಮಾತು ಶುರುವಾಗಬೇಕು. ಎದುರಿನವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ 'ಯಾವ ಊರು' ಎಂಬುದೇ, ಆದ್ದರಿಂದ ಪುಸ್ತಕದ ಹೋಟೆಲು ಮತ್ತು ವಿಮಾನ ನಿಲ್ದಾಣದ ಸಂಭಾಷಣೆಗಳಿಗಿಂತ ಮೊದಲು ನಿಮ್ಮ ಊರಿನ ಬಗ್ಗೆ ಎರಡೆರಡು ನಿಮಿಷದ ಹತ್ತು ಮಾತುಗಳನ್ನು ಸಿದ್ಧಪಡಿಸಿಕೊಳ್ಳಿ. ತೊಗರಿಗೆ ಪೋರ್ಟೊರಿಕೊದಲ್ಲಿ ಗಂದೂಲ್ ಎನ್ನುತ್ತಾರೆ, ಅಲ್ಲಿನ ಹಬ್ಬದ ಊಟವೇ ಅರ್ರೋಸ್ ಕೊನ್ ಗಂದೂಲೆಸ್, ಅಂದರೆ ತೊಗರಿಕಾಳಿನ ಅನ್ನ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮ ತೊಗರಿಬೇಳೆಯ ಬಗ್ಗೆ ಹೇಳಿದಾಗ ಆ ದ್ವೀಪದವರು ಕಿವಿ ನೆಟ್ಟಗೆ ಮಾಡುತ್ತಾರೆ. ಜೋಳಕ್ಕೆ ಸೋರ್ಗೊ. ಶೇಂಗಾಕ್ಕೆ ಮೆಕ್ಸಿಕೊದಲ್ಲಿ ಕಕವಾತೆ, ದಕ್ಷಿಣ ಅಮೆರಿಕದ ಹಲವು ಕಡೆ ಮನೀ. ರೊಟ್ಟಿಯನ್ನು ಮೆಕ್ಸಿಕೊದವರಿಗೆ ತೊರ್ತೀಯ ಎಂದು ಹೇಳಿದರೆ ತಕ್ಷಣ ಅರ್ಥವಾಗುತ್ತದೆ, ಏಕೆಂದರೆ ಅವರದೂ ಕೈಯಲ್ಲಿ ತಟ್ಟುವ ಮೆಕ್ಕೆಜೋಳದ ರೊಟ್ಟಿ. ಸ್ಪೇನಿನವರಿಗೆ ಹಾಗೆಂದರೆ ಆಲೂಗಡ್ಡೆ ಹಾಕಿದ ಮೊಟ್ಟೆಯ ಆಮ್ಲೆಟ್ ಕಣ್ಮುಂದೆ ಬರುತ್ತದೆ. ಬೀದರಿನವರು ಬಿದರಿ ಕಲೆಯ ಬಗ್ಗೆ ಹೇಳುವುದಾದರೆ ಸ್ಪೇನಿನ ತೊಲೇದೊ ನಗರದ ದಮಸ್ಕಿನಾದೊ ಕೆಲಸವನ್ನು ಹೋಲಿಕೆಗೆ ತರಬಹುದು. ಅಲ್ಲಿ ಕಪ್ಪು ಉಕ್ಕಿನಲ್ಲಿ ಚಿನ್ನದ ಎಳೆ ಕೂರಿಸುತ್ತಾರೆ, ಇಲ್ಲಿ ಕಪ್ಪಾಗಿಸಿದ ಸತು-ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯನ್ನು.

ಈ ಮಾತುಗಳನ್ನು ಮೊದಲು ಬರೆದು, ಶಿಕ್ಷಕರಿಂದ ತಿದ್ದಿಸಿಕೊಂಡು, ಬಾಯಿಪಾಠ ಮಾಡದೆ ಹತ್ತು ಬಾರಿ ಬೇರೆ ಬೇರೆ ರೀತಿಯಲ್ಲಿ ಹೇಳಬೇಕು. ಶಿಕ್ಷಕರನ್ನು ಐಟಾಕಿಯಂಥ ಜಾಲತಾಣಗಳಲ್ಲಿ ಗಂಟೆಯ ಲೆಕ್ಕದಲ್ಲಿ ಹುಡುಕಬಹುದು, ಅಥವಾ ಇಂಗ್ಲಿಷ್ ಕಲಿಯಬಯಸುವ ಸ್ಪ್ಯಾನಿಷ್ ಮಾತುಗಾರರೊಂದಿಗೆ ಅರ್ಧ ಗಂಟೆ ಅವರ ಭಾಷೆ, ಅರ್ಧ ಗಂಟೆ ಇಂಗ್ಲಿಷ್ ಎಂದು ವಿನಿಮಯ ಮಾಡಿಕೊಳ್ಳಬಹುದು. ಬೆಳಗಿನ ಹೊತ್ತಿನ ಪ್ರಯೋಜನ ಇಲ್ಲಿದೆ: ಮೆಕ್ಸಿಕೊ ನಗರ ನಮಗಿಂತ ಹನ್ನೊಂದೂವರೆ ಗಂಟೆ ಹಿಂದಿದೆ, ಆದ್ದರಿಂದ ನಮ್ಮ ಬೆಳಗಿನ 7 ಗಂಟೆಗೆ ಅಲ್ಲಿ ಹಿಂದಿನ ಸಂಜೆಯ 7:30. ಬೊಗೊಟಾದಲ್ಲಿ ಆಗ ರಾತ್ರಿ 8:30. ಅವರು ಕೆಲಸ ಮುಗಿಸಿ ಬಿಡುವಾಗಿರುತ್ತಾರೆ, ನಮ್ಮ ತಲೆಯೂ ತಂಪಾಗಿರುತ್ತದೆ. ಸ್ಪೇನಿನವರ ಜೊತೆಗಾದರೆ ನಮ್ಮ ರಾತ್ರಿ 9 ಗಂಟೆ ಸೂಕ್ತ, ಅಲ್ಲಿ ಚಳಿಗಾಲದಲ್ಲಿ 4:30, ಬೇಸಿಗೆಯಲ್ಲಿ 5:30 ಆಗಿರುತ್ತದೆ.

ಕೇಳುವುದಕ್ಕೆ, ಕಲಿಯುವವರಿಗೆಂದೇ ನಿಧಾನವಾಗಿ ಮಾತನಾಡುವ ಡ್ರೀಮಿಂಗ್ ಸ್ಪ್ಯಾನಿಷ್‌ನ ವಿಡಿಯೊಗಳಿಂದ ಶುರು ಮಾಡಿ. ಎರಡನೆಯ ವರ್ಷದಲ್ಲಿ ಲ್ಯಾಟಿನ್ ಅಮೆರಿಕದ ಕಥನಗಳನ್ನು ಹೇಳುವ ರೇಡಿಯೊ ಅಂಬುಲಾಂತೆ ಎಂಬ ಪಾಡ್‌ಕಾಸ್ಟಿಗೆ ಏರಬಹುದು. ಆಳಂದ ಅಥವಾ ಸೇಡಂ ರಸ್ತೆಯ ಬಸ್ಸಿನಲ್ಲಿ ನಿಂತು ಹೋಗುವವರಿಗೂ ಕಿವಿ ಖಾಲಿಯೇ ಇರುತ್ತದಲ್ಲ.

ಹಂತ 6: ತರಗತಿ ಮತ್ತು ಪರೀಕ್ಷೆ

ಕಲಬುರಗಿಯಿಂದ ಹತ್ತಿರದ ದೊಡ್ಡ ಆಸರೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಅಲ್ಲಿ ಸ್ಪ್ಯಾನಿಷ್ ಕಲಿಸುತ್ತಾರೆ. ಸ್ಪೇನ್ ಸರ್ಕಾರದ ಇನ್ಸ್ಟಿಟ್ಯೂಟೊ ಸರ್ವಾಂಟೆಸ್ 2009ರಿಂದ ದೆಹಲಿಯಲ್ಲಿದೆ ಮತ್ತು ಆನ್‌ಲೈನ್ ತರಗತಿಗಳನ್ನೂ ನಡೆಸುತ್ತದೆ. ಹವ್ಯಾಸಕ್ಕೆ ಕಲಿಯುವವರಿಗೆ ಪರೀಕ್ಷೆಯ ಗೊಡವೆ ಬೇಡ. ನೌಕರಿ ಅಥವಾ ಉನ್ನತ ವ್ಯಾಸಂಗದ ಉದ್ದೇಶವಿದ್ದವರು ಎರಡು ಪರೀಕ್ಷೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಸಿಯೆಲೆ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಅದರ ಪ್ರಮಾಣಪತ್ರ ಐದು ವರ್ಷ ಊರ್ಜಿತ. ಇನ್ನೊಂದಾದ ಡೆಲೆ ಪರೀಕ್ಷೆಯ ಪ್ರಮಾಣಪತ್ರಕ್ಕೆ ಅವಧಿಯಿಲ್ಲ, ಆದರೆ ಆರಂಭದ ಎ1ರಿಂದ ಎಲ್ಲಕ್ಕಿಂತ ಮೇಲಿನ ಸಿ2ವರೆಗಿನ ಆರು ಮಟ್ಟಗಳಲ್ಲಿ ಯಾವುದಕ್ಕೆ ಕೂಡುತ್ತೀರಿ ಎಂದು ಮೊದಲೇ ನಿರ್ಧರಿಸಿ ಅರ್ಜಿ ಹಾಕಬೇಕು. ದಿನಕ್ಕೆ 45 ನಿಮಿಷದ ನಮ್ಮ ಲೆಕ್ಕದಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಬಿ1 ಮಟ್ಟಕ್ಕೆ ಕೂಡಬಹುದು.

ಡೆಲೆ ಬಿ1ರಲ್ಲಿ ಓದು ಮತ್ತು ಬರಹ ಒಂದು ಗುಂಪು, ಕೇಳುವುದು ಮತ್ತು ಮಾತು ಇನ್ನೊಂದು ಗುಂಪು, ಪ್ರತಿಯೊಂದಕ್ಕೂ 50 ಅಂಕ. ತೇರ್ಗಡೆಗೆ ಎರಡೂ ಗುಂಪುಗಳಲ್ಲಿ ಪ್ರತ್ಯೇಕವಾಗಿ 30 ಅಂಕ ಬೇಕು, ಒಂದರ ಕೊರತೆಯನ್ನು ಇನ್ನೊಂದರಿಂದ ಮುಚ್ಚಲಾಗದು. ನಮ್ಮ ಶಾಲೆ-ಕಾಲೇಜುಗಳಲ್ಲಿ ಇಂಗ್ಲಿಷನ್ನು ಓದಿ ಬರೆದು ಮಾತ್ರ ಕಲಿತವರು ಮೊದಲ ಗುಂಪಿನಲ್ಲಿ 40 ದಾಟಿ ಎರಡನೆಯದರಲ್ಲಿ 25ಕ್ಕೆ ನಿಲ್ಲುವ ಸಾಧ್ಯತೆ ಹೆಚ್ಚು. ಆದ್ದರಿಂದ ಪರೀಕ್ಷೆಗೆ ಮೂರು ತಿಂಗಳಿರುವಾಗ ದಿನದ 45 ನಿಮಿಷದಲ್ಲಿ 30 ನಿಮಿಷವನ್ನು ಕಿವಿಗೂ ಬಾಯಿಗೂ ಕೊಟ್ಟು, ಉಳಿದ 15ರಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಮಾತಿನ ಪರೀಕ್ಷೆಗೆ ಮುನ್ನ ಸಿದ್ಧತೆಗೆಂದು ಕೆಲವು ನಿಮಿಷ ಕೊಡುತ್ತಾರೆ. ಆ ಹೊತ್ತಿನಲ್ಲಿ ಪೂರ್ಣ ವಾಕ್ಯಗಳನ್ನು ಬರೆಯಲು ಹೋಗದೆ ಐದಾರು ಕ್ರಿಯಾಪದಗಳನ್ನು ಮಾತ್ರ ಸಾಲಾಗಿ ಗುರುತು ಹಾಕಿಕೊಳ್ಳಿ, ಕರ್ತೃ ಹೇಗೂ ಅವುಗಳ ಬಾಲದಲ್ಲಿಯೇ ಇರುತ್ತಾನೆ.